ಊಟ ಬಲ್ಲವನಿಗೆ ಕ್ಯಾನ್ಸರ್ ಇಲ್ಲವೇ?

ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ಮಾಡುತ್ತಿದ್ದೆ. ಒಂದು ಕೋಶ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ಬೇಕಾದಷ್ಟು ಆದ ಮೇಲೆ ನಿಲ್ಲುತ್ತದೆ. ಹೀಗೆ ನಿಲ್ಲಬೇಕಾದದ್ದು ನಿಲ್ಲದೆ ಬೆಳೆಯುತ್ತಲೇ ಹೋದರೆ ಅದೇ ಕ್ಯಾನ್ಸರ್ ಎಂದು ಹೇಳಿ ಬೋರ್ಡಿನ ಕಡೆ ತಿರುಗಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತು, ‘ಅದು ಏನು ತಿಂದರೆ ಬರುತ್ತೆ ಸಾರ್?’ ಎಂದಳು. ಒಂದಿಬ್ಬರು ಕಿಸಕ್ಕನೆ ನಕ್ಕರು. ಅವಳು ನಗಲಿಲ್ಲ.

ಗಂಟೆ ಹೊಡೆದ ಮೇಲೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಅವಳ ತಂದೆಗೆ ಬಾಯಿಯ ಕ್ಯಾನ್ಸರ್. ಬೆಂಗಳೂರಿನಲ್ಲಿ ಆಪರೇಷನ್ ಆಗಿದೆ, ಕರೆಂಟ್ ಕೊಡುವುದು ಇನ್ನೂ ಬಾಕಿ ಇದೆ. ‘ಅಮ್ಮ ಅಪ್ಪಂಗೆ ಸಕ್ಕರೆ, ಹಾಲು, ಮೊಟ್ಟೆ ಏನೂ ಕೊಡ್ತಿಲ್ಲ ಸಾರ್. ಅದನ್ನ ತಿಂದ್ರೆ ಗಡ್ಡೆ ಬೆಳೆಯುತ್ತೆ ಅಂತ ಯಾರೋ ಹೇಳಿದಾರೆ. ಅಪ್ಪ ದಿನಾ ಸಣ್ಣಗಾಗ್ತಿದಾರೆ. ನಮ್ಮನೆ ಊಟದಿಂದಲೇ ಬಂತಾ ಸಾರ್ ಇದು? ನಮಗೂ ಬರುತ್ತಾ?’

ನಾನು ವೈದ್ಯನಲ್ಲ, ಬಿ.ಎಸ್‌ಸಿ., ಬಿ.ಇಡಿ. ಮಾಡಿದ ಮೇಷ್ಟ್ರು. ಆ ಹೊತ್ತಿಗೆ ತೋಚಿದ್ದು ಇಷ್ಟೇ: ‘ಅಪ್ಪನ ಊಟದ ವಿಷಯ ಆಸ್ಪತ್ರೆಯ ಡಾಕ್ಟರನ್ನೇ ಕೇಳಬೇಕಮ್ಮ. ಅಮ್ಮನಿಗೆ ನಾನೇ ಬಂದು ಹೇಳುತ್ತೇನೆ.’ ಉಳಿದೆರಡು ಪ್ರಶ್ನೆಗಳಿಗೆ ನನ್ನ ಬಳಿ ಸಿದ್ಧ ಉತ್ತರ ಇರಲಿಲ್ಲ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಹಾಗಾದರೆ ರೋಗ ಬಂದವನು ಊಟ ಬಲ್ಲದವನೇ? ಆ ಗಾದೆಯಲ್ಲಿ ಎಷ್ಟು ನಿಜ, ಎಷ್ಟು ಅಲ್ಲ ಎಂಬುದನ್ನು ಅಂದಿನಿಂದ ಓದಿ, ತಿಳಿದವರನ್ನು ಕೇಳಿ ಅರ್ಥ ಮಾಡಿಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಕೋಶ ದಾರಿ ತಪ್ಪುವ ಬಗೆ

ನಮ್ಮ ಮೈಯಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ. ಹಳೆಯವು ಸತ್ತು ಹೊಸವು ಹುಟ್ಟುವ ಕೆಲಸ ಹಗಲು ರಾತ್ರಿ ನಡೆದೇ ಇರುತ್ತದೆ. ಕೋಶ ಎರಡಾಗುವಾಗಲೆಲ್ಲ ಅದರೊಳಗಿನ ಡಿಎನ್‌ಎ ಎಂಬ ಉದ್ದನೆಯ ಬರಹವನ್ನು ಪ್ರತಿ ಮಾಡಬೇಕು. ಮೂರು ನೂರು ಪುಟದ ಪುಸ್ತಕವನ್ನು ಕೈಯಲ್ಲಿ ನಕಲು ಮಾಡುವ ವಿದ್ಯಾರ್ಥಿ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುವಂತೆ ಇಲ್ಲಿಯೂ ತಪ್ಪುಗಳಾಗುತ್ತವೆ. ಬಹುಪಾಲು ತಪ್ಪುಗಳನ್ನು ಕೋಶವೇ ತಿದ್ದಿಕೊಳ್ಳುತ್ತದೆ. ತಿದ್ದದೆ ಉಳಿದವು ವರ್ಷಗಟ್ಟಲೆ ಒಂದರ ಮೇಲೊಂದು ಸೇರಿ, ‘ಇನ್ನು ನಿಲ್ಲು’ ಎಂದು ಹೇಳುವ ಸಾಲೇ ಅಳಿಸಿಹೋದಾಗ ಕೋಶ ಹತೋಟಿ ತಪ್ಪುತ್ತದೆ. ವಯಸ್ಸಾದವರಲ್ಲಿ ಕ್ಯಾನ್ಸರ್ ಹೆಚ್ಚು ಕಾಣುವುದು ಇದರಿಂದಲೇ.

ತಂದೆ ತಾಯಿಯಿಂದ ನೇರವಾಗಿ ಬರುವ ದೋಷದಿಂದ ಉಂಟಾಗುವ ಕ್ಯಾನ್ಸರ್ ನೂರಕ್ಕೆ ಐದರಿಂದ ಹತ್ತು ಮಾತ್ರ. ಉಳಿದವುಗಳಲ್ಲಿ ಒಂದು ಪಾಲು ಕೇವಲ ಆಕಸ್ಮಿಕ. ಇನ್ನೊಂದು ದೊಡ್ಡ ಪಾಲು ನಾವು ಸೇದುವ, ಅಗಿಯುವ, ಕುಡಿಯುವ, ತಿನ್ನುವ ಪದಾರ್ಥಗಳಿಗೆ, ಮೈಯ ತೂಕಕ್ಕೆ, ಕೆಲವು ಸೋಂಕುಗಳಿಗೆ ಸಂಬಂಧಿಸಿದ್ದು. ಈಗ ತಿಳಿದಿರುವ ಕ್ರಮಗಳನ್ನು ಅನುಸರಿಸಿದರೆ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 30ರಿಂದ 50ರಷ್ಟನ್ನು ಬಾರದಂತೆ ತಡೆಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇಲ್ಲಿ ‘ತಡೆಯಬಹುದು’ ಎಂಬ ಮಾತನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಮಳೆಗಾಲದಲ್ಲಿ ಕೊಡೆ ಹಿಡಿದು ಹೊರಟವನೂ ಒಮ್ಮೊಮ್ಮೆ ನೆನೆಯುತ್ತಾನೆ. ಕೊಡೆ ಇಲ್ಲದೆ ಹೋದವನು ಒಣಗಿದ ಬಟ್ಟೆಯಲ್ಲೇ ಮನೆ ಸೇರುವುದೂ ಉಂಟು. ಹಾಗೆಂದು ಕೊಡೆ ನಿರುಪಯೋಗಿ ಎನ್ನುವವರಿಲ್ಲ. ‘ನಮ್ಮಜ್ಜ ತೊಂಬತ್ತು ವರ್ಷದವರೆಗೂ ಬೀಡಿ ಸೇದಿದರು, ಏನೂ ಆಗಲಿಲ್ಲ’ ಎಂದು ಹೇಳುವವರಿಗೂ, ‘ಶುದ್ಧ ಸಸ್ಯಾಹಾರಿ, ಒಂದು ದುಶ್ಚಟವಿಲ್ಲ, ಅವರಿಗೇ ಬಂತಲ್ಲ’ ಎಂದು ಮರುಗುವವರಿಗೂ ಉತ್ತರ ಇದೇ. ಒಬ್ಬರಿಗೆ ಬರುತ್ತದೋ ಇಲ್ಲವೋ ಹೇಳಲಾಗದು. ಸಾವಿರ ಜನರಲ್ಲಿ ಎಷ್ಟು ಮಂದಿಗೆ ಬರುತ್ತದೆ ಎಂಬುದನ್ನು ಮಾತ್ರ ಬದಲಿಸಬಹುದು.

ಊಟದ ಮೇಲೆ ಅನುಮಾನ ಬಂದದ್ದು ಹೇಗೆ?

ಜಪಾನಿನಲ್ಲಿ ಜಠರದ ಕ್ಯಾನ್ಸರ್ ಬಹಳ, ಕರುಳು ಮತ್ತು ಸ್ತನದ ಕ್ಯಾನ್ಸರ್ ಕಡಿಮೆ ಇತ್ತು. ಅಮೆರಿಕದಲ್ಲಿ ಇದಕ್ಕೆ ತಿರುಗುಮುರುಗು. ಇದು ಜನಾಂಗದ ಗುಣವೇ ಇರಬೇಕು ಎಂದು ಭಾವಿಸಬಹುದಿತ್ತು. ಆದರೆ ಜಪಾನಿನಿಂದ ಹವಾಯಿಗೂ ಕ್ಯಾಲಿಫೋರ್ನಿಯಾಕ್ಕೂ ವಲಸೆ ಹೋದವರನ್ನು 1960ರ ದಶಕದಲ್ಲಿ ಪರಿಶೀಲಿಸಿದಾಗ ಬೇರೆಯೇ ಚಿತ್ರ ಕಂಡಿತು. ಅವರಲ್ಲೂ ಅವರ ಮಕ್ಕಳಲ್ಲೂ ಜಠರದ ಕ್ಯಾನ್ಸರ್ ಇಳಿಯುತ್ತ, ಕರುಳಿನ ಕ್ಯಾನ್ಸರ್ ಏರುತ್ತ ಹೋಗಿತ್ತು. ರಕ್ತ ಅದೇ, ಬದಲಾದದ್ದು ಊಟ ಮತ್ತು ಬದುಕಿನ ರೀತಿ.

ಇದೇ ಕಾಲದಲ್ಲಿ ಆಫ್ರಿಕದ ಉಗಾಂಡದಲ್ಲಿ ಬಹುಕಾಲ ಕೆಲಸ ಮಾಡಿದ ಐರಿಷ್ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಇನ್ನೊಂದು ವಿಷಯ ಗಮನಿಸಿದರು. ಅಲ್ಲಿನ ಹಳ್ಳಿಗರಲ್ಲಿ ಕರುಳಿನ ಕ್ಯಾನ್ಸರ್ ಅಪರೂಪ. ಅವರು ತಿನ್ನುತ್ತಿದ್ದದ್ದು ತೌಡು ತೆಗೆಯದ ಧಾನ್ಯ, ಕಾಳು, ಗೆಡ್ಡೆ, ಸೊಪ್ಪು. ಬರ್ಕಿಟ್ ಸಂಕೋಚವಿಲ್ಲದೆ ಜನರ ಮಲದ ತೂಕವನ್ನೂ, ತಿಂದದ್ದು ಹೊರಬರಲು ಹಿಡಿಯುವ ಕಾಲವನ್ನೂ ಅಳೆದರು. ನಾರಿನಂಶ ಕಡಿಮೆಯಾದದ್ದೇ ಪಾಶ್ಚಾತ್ಯರ ಕರುಳಿನ ರೋಗಗಳಿಗೆ ಕಾರಣವಿರಬೇಕು ಎಂದು 1971ರಲ್ಲಿ ಬರೆದರು. ಆಗ ಅನೇಕರು ನಕ್ಕರು. ಮುಂದೆ ಯುರೋಪಿನ ಹತ್ತು ದೇಶಗಳ ಐದು ಲಕ್ಷ ಜನರನ್ನು ವರ್ಷಗಟ್ಟಲೆ ಗಮನಿಸಿ 2003ರಲ್ಲಿ ಪ್ರಕಟಿಸಿದ ವರದಿ, ಹೆಚ್ಚು ನಾರು ತಿನ್ನುವವರಲ್ಲಿ ಕರುಳಿನ ಕ್ಯಾನ್ಸರ್ ಕಡಿಮೆ ಎಂಬುದನ್ನು ತೋರಿಸಿತು.

ನಮ್ಮ ರಾಜ್ಯದ ಲೆಕ್ಕವೂ ಇದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ 1982ರಿಂದ ನಗರದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಗಂಡಸರಲ್ಲಿ ಜಠರದ ಕ್ಯಾನ್ಸರ್ ಬಹುಕಾಲ ಮೊದಲ ಸಾಲಿನಲ್ಲೇ ಇತ್ತು. ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಇಳಿಯುತ್ತ ಬಂದು, ಸ್ತನದ ಕ್ಯಾನ್ಸರ್ ಅದನ್ನು ದಾಟಿ ಮುಂದೆ ಹೋಗಿದೆ. ಹಡಗು ಹತ್ತಿ ಹವಾಯಿಗೆ ಹೋಗದೆ ಮನೆಯಲ್ಲೇ ಕುಳಿತು ನಾವೂ ವಲಸೆ ಹೋಗಿದ್ದೇವೆ ಎಂದು ನನಗೆ ಅನ್ನಿಸುತ್ತದೆ. ಬೀಸುವ ಕಲ್ಲು, ನೀರು ಸೇದುವ ಹಗ್ಗ, ಹೊಲಕ್ಕೆ ನಡೆದು ಹೋಗುವ ದಾರಿ, ಮೂರೂ ಹೋದವು. ಎಣ್ಣೆ, ಸಕ್ಕರೆ, ಬಿಳಿ ಅಕ್ಕಿ ಬಂದವು.

ಮುದ್ದೆಯ ಲೆಕ್ಕ

ಒಬ್ಬ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಮೂರು ಗ್ರಾಂಗೂ ಕಡಿಮೆ ನಾರಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ 10 ಗ್ರಾಂ. ಎರಡು ಹೊತ್ತೂ ಬಿಳಿ ಅನ್ನ, ತಿಳಿಸಾರು ಉಣ್ಣುವವರಿಗೆ 25ರ ಹತ್ತಿರ ಬರುವುದೇ ಕಷ್ಟ. ಒಂದು ಹೊತ್ತು ಮುದ್ದೆ ಅಥವಾ ಜೋಳದ ರೊಟ್ಟಿ, ಅದರ ಜತೆ ಹುರುಳಿಯದೋ ಅವರೆಕಾಳಿನದೋ ಸಾರು, ಒಂದು ಪಲ್ಯ ಇದ್ದರೆ ಲೆಕ್ಕ ತಾನಾಗಿ ತುಂಬುತ್ತದೆ.

ನಾರು ನಮಗೆ ಜೀರ್ಣವಾಗುವುದಿಲ್ಲ. ಅದರ ಬೆಲೆ ಇರುವುದೇ ಅಲ್ಲಿ. ಅದು ಮಲವನ್ನು ಮೆತ್ತಗೆ, ದಪ್ಪಗೆ ಮಾಡಿ ಬೇಗ ಸಾಗಿಸುತ್ತದೆ. ಹಾನಿಕರ ವಸ್ತುಗಳು ಕರುಳಿನ ಗೋಡೆಗೆ ತಾಗಿಕೊಂಡಿರುವ ಕಾಲ ಕಡಿಮೆಯಾಗುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಗಳು ನಾರನ್ನು ಹುಳಿ ಬರಿಸಿ ಬ್ಯುಟಿರೇಟ್ ಎಂಬ ಪದಾರ್ಥ ಮಾಡುತ್ತವೆ. ಕರುಳಿನ ಗೋಡೆಯ ಕೋಶಗಳಿಗೆ ಅದೇ ಒಳ್ಳೆಯ ಆಹಾರ.

ಹಣ್ಣು ತರಕಾರಿ ಸೇರಿ ದಿನಕ್ಕೆ 400 ಗ್ರಾಂ ಇರಬೇಕೆಂಬುದು ಇನ್ನೊಂದು ಸಲಹೆ. ಇದಕ್ಕೆ ಸೇಬು, ಕಿವಿ ಹಣ್ಣು ಬೇಕಿಲ್ಲ. ಸೀಬೆ, ಪರಂಗಿ, ಬಾಳೆ, ನುಗ್ಗೆಸೊಪ್ಪು, ದಂಟು, ಹೀರೆ, ಬೂದುಗುಂಬಳ ಸಾಕು. ಸಾರಿನಲ್ಲಿ ತೇಲುವ ಎರಡು ಹೋಳು ತರಕಾರಿಯನ್ನು ಲೆಕ್ಕಕ್ಕೆ ಹಿಡಿಯಬಾರದು, ಅಷ್ಟೇ.

ಒಂದು ಎಚ್ಚರಿಕೆಯೂ ಬೇಕು. ಈಚೆಗೆ ಸಿರಿಧಾನ್ಯ ತಿಂದರೆ ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಹೇಳುವವರು ಹೆಚ್ಚಿದ್ದಾರೆ. ಹಾಗೆ ಹೇಳಲು ಆಧಾರವಿಲ್ಲ. ನವಣೆ, ರಾಗಿ ಒಳ್ಳೆಯ ಆಹಾರ, ಔಷಧವಲ್ಲ. ರಾಗಿಯಲ್ಲೂ ಹೆಚ್ಚು ಕಡಿಮೆ ಅಕ್ಕಿಯಷ್ಟೇ ಶಕ್ತಿ ಇದೆ. ನೇಗಿಲು ಹಿಡಿದವನ ಎರಡು ಮುದ್ದೆ ಕುರ್ಚಿಯಲ್ಲಿ ಕುಳಿತವನಿಗೆ ಆಗದು.

ಸೊಂಟದ ಸುತ್ತಳತೆ

‘ತುಂಬಿದ ಮೈ’ ಎಂದರೆ ನಮ್ಮಲ್ಲಿ ಚೆನ್ನಾಗಿ ಉಂಡು ಸುಖವಾಗಿರುವವರ ಲಕ್ಷಣ. ಕೊಬ್ಬು ಸುಮ್ಮನೆ ಶೇಖರವಾಗಿ ಬಿದ್ದಿರುವ ಮೂಟೆ ಎಂದೇ ವಿಜ್ಞಾನಿಗಳೂ ಮೊದಲು ತಿಳಿದಿದ್ದರು. ಅದು ಗ್ರಂಥಿಯಂತೆ ಕೆಲಸ ಮಾಡುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈಸ್ಟ್ರೋಜನ್ ತಯಾರಾಗುವುದು ಬಹುಪಾಲು ಕೊಬ್ಬಿನಲ್ಲೇ. ಕೊಬ್ಬು ಹೆಚ್ಚಿದಷ್ಟೂ ಆ ಹಾರ್ಮೋನು ಹೆಚ್ಚಿ, ಸ್ತನ ಹಾಗೂ ಗರ್ಭಕೋಶದ ಕೋಶಗಳಿಗೆ ‘ಬೆಳೆ, ಬೆಳೆ’ ಎಂದು ಹೇಳುತ್ತಿರುತ್ತದೆ. ಹೊಟ್ಟೆಯ ಕೊಬ್ಬು ರಕ್ತದಲ್ಲಿ ಇನ್ಸುಲಿನ್ ಮಟ್ಟವನ್ನೂ ಏರಿಸುತ್ತದೆ. ಸಣ್ಣಗೆ ಉರಿಯೂತವೂ ಇದ್ದೇ ಇರುತ್ತದೆ. ಕೋಶ ಹೆಚ್ಚು ಸಲ ಎರಡಾದಷ್ಟೂ ನಕಲಿನ ತಪ್ಪುಗಳಿಗೆ ಅವಕಾಶ ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಅತಿಯಾದ ಮೈಕೊಬ್ಬಿಗೂ 13 ಬಗೆಯ ಕ್ಯಾನ್ಸರ್‌ಗಳಿಗೂ ಸಂಬಂಧವಿದೆ ಎಂದು ತೀರ್ಮಾನಿಸಿತು. ದೊಡ್ಡ ಕರುಳು, ಗರ್ಭಕೋಶ, ಅಂಡಾಶಯ, ಮುಟ್ಟು ನಿಂತ ಮೇಲಿನ ಸ್ತನ ಕ್ಯಾನ್ಸರ್, ಮೂತ್ರಪಿಂಡ, ಪಿತ್ತಕೋಶ, ಯಕೃತ್ತು, ಮೇದೋಜೀರಕ ಗ್ರಂಥಿ ಇವು ಆ ಪಟ್ಟಿಯಲ್ಲಿವೆ.

ನಿಮ್ಮ ಲೆಕ್ಕ ನೀವೇ ಮಾಡಿ. ಕಿಲೋಗ್ರಾಂ ತೂಕವನ್ನು ಮೀಟರ್‌ನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಬೇಕು. ಎತ್ತರ 1.65 ಮೀಟರ್, ತೂಕ 68 ಕಿಲೋ ಇದ್ದರೆ ಉತ್ತರ ಸುಮಾರು 25. ಯುರೋಪಿಯನ್ನರಿಗೆ ಗಡಿ 25. ನಮ್ಮಂಥ ಏಷ್ಯದವರಿಗೆ ಅದೇ ತೂಕದಲ್ಲಿ ಕೊಬ್ಬಿನ ಪಾಲು ಹೆಚ್ಚಿರುವುದರಿಂದ 23ಕ್ಕೇ ಎಚ್ಚರಿಕೆ ಗಂಟೆ. ಎಂದರೆ ಈ ವ್ಯಕ್ತಿ 62 ಕಿಲೋ ಆಸುಪಾಸಿನಲ್ಲಿರುವುದು ಕ್ಷೇಮ. ತಕ್ಕಡಿ ಇಲ್ಲದವರು ದರ್ಜಿಯ ಟೇಪು ಹಿಡಿಯಬಹುದು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ನಮ್ಮವರಿಗೆ ತಕ್ಕಡಿಗಿಂತ ಟೇಪೇ ಹೆಚ್ಚು ನಿಜ ಹೇಳುತ್ತದೆ.

ತೂಕ ಏರುವುದು ಹಬ್ಬದ ಒಂದು ದಿನದ ಊಟದಿಂದಲ್ಲ, ದಿನದಿನದ ಚಮಚಗಳಿಂದ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ. 60 ಕಿಲೋ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದೂ ಹೆಚ್ಚು ಕಡಿಮೆ ಅಷ್ಟೇ. ಒಬ್ಬರಿಗೆ ದಿನಕ್ಕೆ 30 ಗ್ರಾಂ ಎಣ್ಣೆ ಎಂದಿಟ್ಟುಕೊಂಡರೂ ನಾಲ್ವರ ಮನೆಗೆ ತಿಂಗಳಿಗೆ 3.6 ಕಿಲೋ ಆಯಿತು. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ ಪ್ಯಾಕೆಟ್ ಬರುತ್ತದೆ ಎಂದು ದಿನಸಿ ಚೀಟಿ ನೋಡಿ. ಡಾಕ್ಟರಿಲ್ಲದೆ ಮಾಡಬಹುದಾದ ಮೊದಲ ಪರೀಕ್ಷೆ ಅದೇ.

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಿನ ನಡಿಗೆ ಎಲ್ಲರಿಗೂ ಬೇಕು. ತೂಕ ಇಳಿಯದಿದ್ದರೂ ನಡಿಗೆ ವ್ಯರ್ಥವಲ್ಲ, ದೊಡ್ಡ ಕರುಳು ಮತ್ತು ಸ್ತನದ ಕ್ಯಾನ್ಸರ್ ಅಪಾಯವನ್ನು ಅದು ತಾನೇ ಕಡಿಮೆ ಮಾಡುತ್ತದೆ. ಮಗುವಿಗೆ ಎದೆಹಾಲು ಕುಡಿಸುವುದರಿಂದ ತಾಯಿಗೂ ಸ್ತನ ಕ್ಯಾನ್ಸರ್‌ನಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ.

ಉಪ್ಪು, ಬೂಷ್ಟು, ಮಾಂಸ, ಬಿಸಿ ಕಾಫಿ

ಜಠರದ ಕ್ಯಾನ್ಸರ್‌ಗೆ ಮುಖ್ಯ ಕಾರಣ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯ. ಅದನ್ನು ಪತ್ತೆ ಮಾಡಿದ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರ ನೊಬೆಲ್ ಬಂತು. ಅತಿಯಾದ ಉಪ್ಪು ಜಠರದ ಒಳಪೊರೆಯನ್ನು ಕೆಡಿಸಿ ಆ ಬ್ಯಾಕ್ಟೀರಿಯಕ್ಕೆ ದಾರಿ ಮಾಡಿಕೊಡುತ್ತದೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದ ಮಟ್ಟ, ಉಪ್ಪಿನ ಮಿತಿ. ನಾಲ್ವರ ಮನೆಗೆ ತಿಂಗಳಿಗೆ 600 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಯ ಉಪ್ಪೂ ಇದರಲ್ಲೇ ಸೇರಬೇಕು. ನಾಲಗೆಗೆ ಇದು ಕಷ್ಟ, ಆದರೆ ಸ್ವಲ್ಪಸ್ವಲ್ಪವಾಗಿ ಇಳಿಸಿದರೆ ಕೆಲವು ವಾರಗಳಲ್ಲಿ ರೂಢಿಯಾಗುತ್ತದೆ.

ಪಾವಗಡ, ಶಿರಾ, ಚಳ್ಳಕೆರೆ ಕಡೆಯವರು ಚೆನ್ನಾಗಿ ಬಲ್ಲ ಕಡಲೆಕಾಯಿಯ ಒಂದು ಕಥೆ ಕೇಳಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿದ್ದ ಬೂಷ್ಟು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಆ ಬೂಷ್ಟಿನ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. 1974ರಲ್ಲಿ ರಾಜಸ್ಥಾನ, ಗುಜರಾತ್ ಗಡಿಯ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಯಕೃತ್ತು ಕೆಟ್ಟು ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಸ್ವಲ್ಪಸ್ವಲ್ಪವಾಗಿ ಬಹುಕಾಲ ಒಳಗೆ ಹೋದರೆ ಇದೇ ವಿಷ ಯಕೃತ್ತಿನ ಕ್ಯಾನ್ಸರ್ ತರುತ್ತದೆ. ಹೆಪಟೈಟಿಸ್ ಬಿ ಸೋಂಕು ಇರುವವರಲ್ಲಂತೂ ಅಪಾಯ ಹಲವು ಪಟ್ಟು. ಹುರಿದರೂ ಬೇಯಿಸಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಕಾಯಿಯನ್ನು ಗಲಗಲ ಎನ್ನುವಷ್ಟು ಒಣಗಿಸಿ ತುಂಬಬೇಕು. ಬೂಷ್ಟು ಹಿಡಿದ, ಮುರುಟಿದ, ಕಹಿ ಬೀಜವನ್ನು ‘ದುಡ್ಡು ಕೊಟ್ಟದ್ದು’ ಎಂದು ಚಟ್ನಿಗೆ ಹಾಕದೆ ಎಸೆಯಬೇಕು.

ಮಾಂಸದ ವಿಷಯದಲ್ಲಿ ಗಾಬರಿಯೇ ಹೆಚ್ಚು. ಉಪ್ಪು, ಹೊಗೆ, ರಾಸಾಯನಿಕ ಹಾಕಿ ಕೆಡದಂತೆ ಮಾಡಿದ ಸಾಸೇಜ್, ಬೇಕನ್, ಹ್ಯಾಮ್ ಮುಂತಾದವು ಕರುಳಿನ ಕ್ಯಾನ್ಸರ್ ತರುತ್ತವೆಂದು 2015ರಲ್ಲಿ ಅದೇ ಸಂಶೋಧನಾ ಸಂಸ್ಥೆ ಸಾರಿತು. ಇವನ್ನು ದಿನಾ 50 ಗ್ರಾಂ ತಿಂದರೆ ಅಪಾಯ ಶೇಕಡಾ 18 ಹೆಚ್ಚು. ಇದರರ್ಥ ನೂರರಲ್ಲಿ 18 ಮಂದಿಗೆ ಬರುತ್ತದೆ ಎಂದಲ್ಲ. ನೂರು ಜನರಲ್ಲಿ ಐವರಿಗೆ ಬರುತ್ತಿತ್ತು ಎಂದುಕೊಳ್ಳಿ, ಅದು ಸುಮಾರು ಆರಾಗುತ್ತದೆ. ಪತ್ರಿಕೆಯಲ್ಲಿ ಶೇಕಡಾವಾರು ಕಂಡಾಗಲೆಲ್ಲ ‘ಯಾವುದರ ಮೇಲೆ ಶೇಕಡಾ?’ ಎಂದು ಕೇಳುವ ಅಭ್ಯಾಸ ಒಳ್ಳೆಯದು. ತಾಜಾ ಕುರಿ, ಮೇಕೆ ಮಾಂಸ ‘ಬಹುಶಃ’ ಎಂಬ ಗುಂಪಿನಲ್ಲಿದೆ. ಭಾನುವಾರದ ಒಂದು ಊಟಕ್ಕೆ ಹೆದರಬೇಕಾಗಿಲ್ಲ. ಕೆಂಡದಲ್ಲಿ ಕರಿದು ಕಪ್ಪಾದ ಭಾಗವನ್ನು ಬಿಡುವುದು ಮೇಲು.

ಕಾಫಿಪ್ರಿಯರಿಗೆ ಒಂದು ಸಮಾಧಾನ. ಕಾಫಿಯ ಮೇಲೆ 1991ರಿಂದ ಇದ್ದ ಅನುಮಾನವನ್ನು 2016ರಲ್ಲಿ ಕೈಬಿಡಲಾಯಿತು. ಆದರೆ 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವುದೇ ಪಾನೀಯವನ್ನು ಕುಡಿಯುವ ಅಭ್ಯಾಸ ಅನ್ನನಾಳದ ಕ್ಯಾನ್ಸರ್‌ಗೆ ಬಹುಶಃ ಕಾರಣ ಎಂದು ಅದೇ ವರ್ಷ ಹೇಳಲಾಯಿತು. ಹಬೆಯಾಡುವ ಲೋಟವನ್ನು ಕೆಲವು ನಿಮಿಷ ಪಕ್ಕಕ್ಕಿಟ್ಟರೆ ಸಾಕು.

ಗುಳಿಗೆ ನುಂಗಿದರೆ ಸಾಲದೇ?

ತರಕಾರಿ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬುದು ಕಂಡಾಗ, ಅದರೊಳಗಿನ ಬೀಟಾ ಕ್ಯಾರೊಟಿನ್ ಎಂಬ ಹಳದಿ ಬಣ್ಣದ ವಸ್ತುವೇ ರಕ್ಷಕ ಎಂದು ವಿಜ್ಞಾನಿಗಳು ಊಹಿಸಿದರು. ಫಿನ್‌ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರನ್ನು ಆರಿಸಿ, ಕೆಲವರಿಗೆ ಆ ಗುಳಿಗೆ, ಕೆಲವರಿಗೆ ಬರೀ ಹುಸಿಗುಳಿಗೆ ಕೊಟ್ಟು ಐದರಿಂದ ಎಂಟು ವರ್ಷ ಕಾದರು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿದರು. ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18 ಹೆಚ್ಚಾಗಿತ್ತು! ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದೇ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು.

ವಿಜ್ಞಾನದ ಮೇಷ್ಟ್ರಾಗಿ ನನಗೆ ಬಹಳ ಪ್ರಿಯವಾದ ಪ್ರಯೋಗ ಇದು. ಎಷ್ಟೇ ಚಂದದ ಊಹೆಯಾದರೂ ಪರೀಕ್ಷೆಗೆ ನಿಲ್ಲಬೇಕು. ಕ್ಯಾರೆಟ್ ಎಂದರೆ ಬರೀ ಕ್ಯಾರೊಟಿನ್ ಅಲ್ಲ. ಅದರ ನಾರು, ನೂರಾರು ಇತರ ಪದಾರ್ಥಗಳು, ಅದು ತಟ್ಟೆಗೆ ಬಂದುದರಿಂದ ಹೊರಹೋದ ಬೋಂಡ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಯಾವುದೋ ಪುಡಿ, ಕಷಾಯ, ವಿದೇಶಿ ಹಣ್ಣಿನ ರಸ ಕ್ಯಾನ್ಸರ್ ತಡೆಯುತ್ತದೆಂದು ಸಾವಿರಾರು ರೂಪಾಯಿಗೆ ಮಾರಲು ಬಂದವರಿಗೆ ಫಿನ್‌ಲೆಂಡಿನ ಕಥೆ ಹೇಳಿ ಕಳಿಸಬಹುದು.

ಅಡಿಕೆಯ ಕಹಿ ಮಾತು

ಊಟದ ಬಗ್ಗೆ ಇಷ್ಟು ಬರೆದು ಊಟದ ನಂತರದ ತಟ್ಟೆಯನ್ನು ಮರೆತರೆ ಮೋಸವಾಗುತ್ತದೆ. ಮೇಲೆ ಹೇಳಿದ ಎಲ್ಲವನ್ನೂ ಸೇರಿಸಿದರೂ ತಂಬಾಕಿನ ಪಕ್ಕಕ್ಕೆ ಚಿಕ್ಕದು. ಮುದ್ದೆ, ಸೊಪ್ಪು ತಿಂದು ಮೇಲೆ ಬೀಡಿ ಹಚ್ಚಿದವನು ತಳ ಒಡೆದ ಬಿಂದಿಗೆಗೆ ನೀರು ಹೊಯ್ದ ಹಾಗೆ.

ತಂಬಾಕು ಬೆರೆಸಿದ ಎಲೆ ಅಡಿಕೆ ಕ್ಯಾನ್ಸರ್‌ಕಾರಕ ಎಂದು 1985ರಲ್ಲೇ ತೀರ್ಮಾನವಾಗಿತ್ತು. ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೇ ಎಂದು 2004ರಲ್ಲಿ ಹೇಳಲಾಯಿತು. ಅಡಿಕೆ ತೋಟವಿರುವ ನಮ್ಮ ತುಮಕೂರು ಜಿಲ್ಲೆಯವರಿಗೂ, ಮಲೆನಾಡು, ಕರಾವಳಿಯವರಿಗೂ ಈ ಮಾತು ಕಹಿ. ಅಡಿಕೆಯ ದುಡ್ಡಿನಲ್ಲಿ ಓದಿದ ಎಷ್ಟೋ ಮಕ್ಕಳಿಗೆ ನಾನೇ ಪಾಠ ಹೇಳಿದ್ದೇನೆ. ಮದುವೆ, ಪೂಜೆ, ಬಾಗಿನ ಯಾವುದೂ ಅಡಿಕೆ ಇಲ್ಲದೆ ನಡೆಯದು. ಹೋಳಿಗೆ ಊಟದ ಮೇಲೆ ನಾನೂ ಎಲೆ ಹಾಕುತ್ತಿದ್ದವನೇ. ತಾಂಬೂಲವನ್ನು ಕೊಡುವುದು, ಪಡೆಯುವುದು ನಮ್ಮ ಮರ್ಯಾದೆ, ಅದು ಇರಲಿ. ದಿನವಿಡೀ ದವಡೆಯಲ್ಲಿ ಒತ್ತರಿಸಿ ಇಟ್ಟುಕೊಳ್ಳುವುದನ್ನು ಬಿಡಲೇಬೇಕು. ಅಡಿಕೆ ಬಾಯಿಯ ಒಳಚರ್ಮವನ್ನು ಬಿಗಿಗೊಳಿಸುತ್ತದೆ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಿಡಿಸಲಾಗದಿದ್ದರೆ, ಖಾರ ತಾಗಿದರೆ ಉರಿಯುತ್ತಿದ್ದರೆ ಅದು ಮುನ್ಸೂಚನೆ. ಗುಟ್ಕಾವನ್ನು ನಮ್ಮ ರಾಜ್ಯ 2013ರಲ್ಲಿ ನಿಷೇಧಿಸಿತು. ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅದು ಮಕ್ಕಳ ಜೇಬಿಗೆ ಬರುವುದು ನಿಂತಿಲ್ಲ.

ಮದ್ಯಕ್ಕೂ ಇದೇ ಮಾತು. ಬ್ರಾಂದಿಯಾಗಲಿ ಬಿಯರಾಗಲಿ, ಒಳಗೆ ಹೋದ ಆಲ್ಕೊಹಾಲ್ ಅಸಿಟಾಲ್ಡಿಹೈಡ್ ಆಗುತ್ತದೆ. ಅದು ಡಿಎನ್‌ಎಗೆ ಶತ್ರು. ಇಷ್ಟು ಕುಡಿದರೆ ಅಪಾಯವಿಲ್ಲ ಎಂಬ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ತಂಬಾಕು, ಮದ್ಯ ಎರಡೂ ಕೂಡಿದರೆ ಬಾಯಿ, ಗಂಟಲಿಗೆ ಆಗುವ ಹಾನಿ ಕೂಡಿದಷ್ಟಲ್ಲ, ಗುಣಿಸಿದಷ್ಟು.

ರೋಗಿಯ ತಟ್ಟೆ ಬೇರೆ

ಆ ಹುಡುಗಿಯ ಮನೆಗೆ ಮರುದಿನ ಸಂಜೆ ಹೋದೆ. ತಂದೆ ಜಗಲಿಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಇಪ್ಪತ್ತು ವರ್ಷ ಲಾರಿ ಓಡಿಸಿದವರು, ನಿದ್ದೆ ತಡೆಯಲು ತಂಬಾಕು ಹಚ್ಚಿಕೊಂಡವರು. ತಾಯಿ ಒಳಗಿನಿಂದ ಬಂದು, ‘ನಾನು ಹಾಕಿದ ಊಟದಲ್ಲೇ ಏನೋ ತಪ್ಪಾಗಿದೆ ಮೇಷ್ಟ್ರೇ, ಅದಕ್ಕೇ ಎಲ್ಲ ನಿಲ್ಲಿಸಿಬಿಟ್ಟೆ’ ಎಂದರು. ಆಕೆಯ ಗಂಡ ಸಣ್ಣಗಾಗುತ್ತಿದ್ದದ್ದು ರೋಗದಿಂದ ಮಾತ್ರವಲ್ಲ, ಹಸಿವಿನಿಂದಲೂ.

ಸಕ್ಕರೆ ನಿಲ್ಲಿಸಿದರೆ ಗಡ್ಡೆ ಉಪವಾಸ ಬಿದ್ದು ಸಾಯುತ್ತದೆ ಎಂಬುದು ನಿಜವಲ್ಲ. ಗ್ಲೂಕೋಸ್ ಮೈಯ ಎಲ್ಲ ಕೋಶಗಳಿಗೂ ಬೇಕು. ತಿನ್ನದಿದ್ದರೆ ಮಾಂಸಖಂಡ ಕರಗಿಸಿಯಾದರೂ ದೇಹ ಅದನ್ನು ಮಾಡಿಕೊಳ್ಳುತ್ತದೆ. ಈ ಲೇಖನದ ತೂಕ ಇಳಿಸುವ, ಎಣ್ಣೆ ಕಡಿಮೆ ಮಾಡುವ ಮಾತೆಲ್ಲ ಆರೋಗ್ಯವಂತರಿಗೆ. ಚಿಕಿತ್ಸೆಯಲ್ಲಿರುವವರು ತೂಕ ಕಳೆದುಕೊಳ್ಳಬಾರದು, ಅವರಿಗೆ ಶಕ್ತಿಯೂ ಪ್ರೋಟೀನೂ ಹೆಚ್ಚೇ ಬೇಕು. ಆಸ್ಪತ್ರೆಯಲ್ಲಿ ಕೇಳಿದಾಗ ಅವರೂ ಅದನ್ನೇ ಹೇಳಿದರಂತೆ: ಹಾಲು ಹಾಕಿದ ರಾಗಿ ಗಂಜಿ, ಮೆತ್ತಗೆ ಬೇಯಿಸಿದ ಮೊಟ್ಟೆ, ತುಪ್ಪ ಹಾಕಿದ ಬೇಳೆ ಅನ್ನ, ದಿನಕ್ಕೆ ಆರು ಸಲ.

ಆ ತಾಯಿಗೆ ನಾನು ಹೇಳಿದ್ದು ಒಂದೇ ಮಾತು. ‘ಇದು ನಿಮ್ಮ ಅಡುಗೆಯಿಂದ ಬಂದದ್ದಲ್ಲ ತಾಯಿ.’ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ತಂದೆಯವರ ಚಿಕಿತ್ಸೆ ಮುಗಿದು ಈಗ ಮೂರು ವರ್ಷ. ಮಾತು ತೊದಲುತ್ತದೆ, ಖಾರ ತಿನ್ನಲಾಗದು, ಲಾರಿ ಬಿಟ್ಟು ಅಂಗಡಿ ಇಟ್ಟಿದ್ದಾರೆ. ಆ ಅಂಗಡಿಯಲ್ಲಿ ಪೊಟ್ಟಣಗಳ ಸರ ತೂಗುವುದಿಲ್ಲ.

ಹುಡುಗಿ ಈಗ ಪಿ.ಯು. ಓದುತ್ತಿದ್ದಾಳೆ. ಅವಳ ಎರಡನೆಯ ಪ್ರಶ್ನೆಗೆ ಉತ್ತರ ಹೀಗೆ ಹೇಳಿದ್ದೆ: ‘ಬರುವುದೇ ಇಲ್ಲ ಎಂದು ಯಾರೂ ಬರೆದುಕೊಡಲಾರರಮ್ಮ. ಅಪ್ಪನಿಗೆ ಬಂತು ಎಂದು ನಿನಗೂ ಬರಲೇಬೇಕು ಎಂದೇನೂ ಇಲ್ಲ. ಅಪ್ಪನಿಂದ ನಿನಗೆ ಬರಬಹುದಾದ ಅತಿ ದೊಡ್ಡ ಅಪಾಯ ತಂಬಾಕಿನ ಚಟ, ಅದು ನಿನಗಿಲ್ಲ. ಉಳಿದದ್ದರಲ್ಲಿ ಅರ್ಧ ನಿನ್ನ ಕೈಯಲ್ಲಿದೆ, ಆ ಅರ್ಧ ನೋಡಿಕೋ.’ ಗಾದೆಗೂ ನನ್ನ ತಿದ್ದುಪಡಿ ಅಷ್ಟೇ. ಊಟ ಬಲ್ಲವನಿಗೆ ರೋಗ ಇಲ್ಲವೆಂದಲ್ಲ, ಕಡಿಮೆ. ರೋಗ ಬಂದವರನ್ನು ಊಟ ಬಲ್ಲದವರು ಎಂದು ಜರೆಯುವ ಹಕ್ಕು ಮಾತ್ರ ಯಾರಿಗೂ ಇಲ್ಲ.

ನೆನಪಿಡಿ

* ತಂಬಾಕು ಯಾವ ರೂಪದಲ್ಲೂ ಬೇಡ. ಅಡಿಕೆ ಅಗಿಯುವ ಚಟ, ಮದ್ಯ ಬಿಡಿ.
* ದಿನಕ್ಕೊಂದು ಹೊತ್ತು ರಾಗಿ, ಜೋಳ ಅಥವಾ ಇಡಿಯ ಗೋಧಿ, ಜತೆಗೆ ಕಾಳು. ಹಣ್ಣು ತರಕಾರಿ ಸೇರಿ 400 ಗ್ರಾಂ.
* ಸೊಂಟದ ಅಳತೆ ಆರು ತಿಂಗಳಿಗೊಮ್ಮೆ ನೋಡಿಕೊಳ್ಳಿ. ವಾರದಲ್ಲಿ ಐದು ದಿನ ಅರ್ಧ ಗಂಟೆ ನಡೆಯಿರಿ.
* ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆ, ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಬಗ್ಗೆ ವೈದ್ಯರನ್ನು ಕೇಳಿ.
* ಎರಡು ಮೂರು ವಾರವಾದರೂ ಮಾಯದ ಬಾಯಿ ಹುಣ್ಣು, ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಮಲದಲ್ಲಿ ರಕ್ತ, ನುಂಗಲು ಕಷ್ಟ, ಬಿಡದ ಕೆಮ್ಮು, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ಪಥ್ಯ ಮಾಡುತ್ತ ಕೂರದೆ ವೈದ್ಯರ ಬಳಿ ಹೋಗಿ. ಬೇಗ ಕಂಡುಹಿಡಿದ ಬಹುಪಾಲು ಕ್ಯಾನ್ಸರ್‌ಗಳಿಗೆ ಚಿಕಿತ್ಸೆ ಸುಲಭ.